ಸವತಿಯರ ರಕ್ತ

ಅಂಬಲಿಯ ಬಟ್ಟಲು ಬಾಗಿಲಿಂದ ಹಾರಿ ಬಂದು ಅಂಗಳದ ನಡುವೆ ಬಿತ್ತು. ಕೋಳಿಗಳು ಓಡಿಬಂದು ಮುತ್ತಿಕೊಂಡವು. ಅದರ ಹಿಂದೆಯೇ ದೊರ್ಸಿಲಾಳ ದನಿ ಹೊರಗೆ ಬಂತು.

“ಆ ಉಯೋಮಾದವಳ ಕೈಯಡುಗೆ ನನ್ನ ಮೊಮ್ಮಗಳ ಬಾಯಿಗೆ ಹೋಗಕೂಡ್ದು ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?”

ರಿಸ್ಪಾ ಆಗಷ್ಟೇ ಸರೋವರದ ದಡದಿಂದ ಬಂದಿದ್ದಳು. ತಲೆಯ ಮೇಲಿನ ಒಮೆನಾ ಎಂಬ ಸಣ್ಣ ಮೀನಿನ ಬುಟ್ಟಿ ಇನ್ನೂ ನೀರು ಸೋರುತ್ತಿತ್ತು. ಬುಟ್ಟಿ ಇಳಿಸಿ, ಕೋಳಿಗಳನ್ನು ಅಟ್ಟಿ, ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ಅತ್ತೆಯ ಮಡಿಲಲ್ಲಿ ಅವಿನೊ ಅಳುತ್ತಿದ್ದಳು. ಹುಟ್ಟಿ ಒಂಬತ್ತು ತಿಂಗಳಾಗಿದ್ದ ಕೂಸು. ಎರಡೂ ಕೈ ಊದಿ, ಬೆರಳುಗಳು ಹೊಸದಾಗಿ ಕಿತ್ತ ಗೆಣಸಿನಂತೆ ಕಾಣುತ್ತಿದ್ದವು.

“ಮಗು ಹಸಿದು ಅಳ್ತಿತ್ತಂತೆ ಅತ್ತೆ. ನೀವು ಮಲಗಿದ್ರಂತೆ. ಚಿಕ್ಕತ್ತೆ ಕಾಯ್ಸಿ ತಂದಿಟ್ರಂತೆ, ಈಗ್ಲೇ ಬೇಲಿ ಹತ್ರ ಹೇಳಿದ್ರು.”

“ಮಲಗಿರ್ಲಿಲ್ಲ. ಮಂಡಿನೋವಿಗೆ ಸುಮ್ನೆ ಒರಗಿದ್ದೆ. ಒರಗಿದೋಳ್ನ ಎಬ್ಬಿಸೋಕೆ ಯಾರಿಗೂ ಬಾಯಿಲ್ವಾ?”

ಅಂಗಳದ ಆಚೆ ಬದಿಯಲ್ಲಿ ಅಜ್ವಾಂಗ್ ತನ್ನ ಅಡುಗೆಮನೆಯ ಮುಂದೆ ಕಸ ಗುಡಿಸುತ್ತಿದ್ದಳು. ಮಾತೆಲ್ಲ ಕೇಳಿಸಿರಬೇಕು. ತಲೆ ಎತ್ತಲಿಲ್ಲ. ಗುಡಿಸಿದ ಜಾಗವನ್ನೇ ಮತ್ತೊಮ್ಮೆ ಗುಡಿಸಿದಳು.

ಆ ಮನೆತನದ ಯಜಮಾನ ಒಗೊಲಾ ಸತ್ತು ಬಹಳ ವರ್ಷಗಳಾಗಿದ್ದವು. ಅವನು ಬಿಟ್ಟುಹೋದದ್ದು ಕಳ್ಳಿಬೇಲಿಯೊಳಗೆ ಒಂದು ಅಂಗಳ, ಇಬ್ಬರು ಹೆಂಡತಿಯರು, ಎರಡು ಒಲೆ. ಹಿರಿಯಳು ದೊರ್ಸಿಲಾ; ಅವಳ ಮನೆ ನೇರ ಬೇಲಿಬಾಗಿಲಿಗೆ ಎದುರು. ಕಿರಿಯಳು ಅಜ್ವಾಂಗ್, ಉಯೋಮಾ ಕಡೆಯಿಂದ ಬಂದವಳು; ಅವಳದು ಪಕ್ಕಕ್ಕೆ. ರಿಸ್ಪಾ ದೊರ್ಸಿಲಾಳ ಮಗ ಒದೇರಾನನ್ನು ಮದುವೆಯಾಗಿ ಆರು ವರ್ಷವಾದರೂ ಈ ಸವತಿಯರು ಒಬ್ಬರಿಗೊಬ್ಬರು ನೇರ ಮಾತಾಡಿದ್ದನ್ನು ಒಂದು ದಿನವೂ ಕೇಳಿರಲಿಲ್ಲ. ತೀರಾ ಹೇಳಲೇಬೇಕಾದದ್ದು ಬಂದರೆ ದೊರ್ಸಿಲಾ ಕೋಳಿಗಳಿಗೆ ಹೇಳುತ್ತಿದ್ದಳು. “ನೋಡ್ರೇ, ಯಾರದ್ದೋ ಆಡು ನನ್ನ ಸೊಪ್ಪಿನ ಪಾತಿಗೆ ಬಾಯಿ ಹಾಕಿದೆ!” ಅಜ್ವಾಂಗ್ ಎದ್ದು ಬಂದು ಆಡನ್ನು ಕಟ್ಟುತ್ತಿದ್ದಳು.

ದೊರ್ಸಿಲಾ ಐದು ಹೆತ್ತು ಮೂರನ್ನು ಮಣ್ಣಿಗೆ ಕೊಟ್ಟವಳು. ಮೂವರದ್ದೂ ಒಂದೇ ರೀತಿ. ಮೊದಲು ಕೈಕಾಲು ಊದುವುದು, ಆಮೇಲೆ ಕಣ್ಣು ಹಳದಿಯಾಗುವುದು, ಮೂಳೆ ನೋವೆಂದು ಅಳುವುದು, ಕೊನೆಗೊಂದು ಜ್ವರ. ಅದೇ ಅಂಗಳದಲ್ಲಿ ಅಜ್ವಾಂಗ್‌ಳ ನಾಲ್ಕು ಮಕ್ಕಳು ಮಳೆಗಾಲದ ಜೋಳದಂತೆ ಎದ್ದು ನಿಂತವು. ದೊರ್ಸಿಲಾ ಲೆಕ್ಕ ಹಾಕಿದಳು. ಕಿರಿಯಳು ಕಣ್ಣು ಹಾಕಿದ್ದಾಳೆ, ಮಾಟ ಮಾಡಿಸಿದ್ದಾಳೆ, ನನ್ನ ಮಕ್ಕಳ ಆಯಸ್ಸನ್ನು ಕಿತ್ತು ತನ್ನ ಮಕ್ಕಳಿಗೆ ಕೊಟ್ಟಿದ್ದಾಳೆ. ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವ ಜಾಯಮಾನ ಅವಳದ್ದಲ್ಲ. ನೀರಿನ ಕಟ್ಟೆಯಲ್ಲಿ, ಸಂತೆಯಲ್ಲಿ, ಚರ್ಚಿನ ಹೆಂಗಸರ ಸಂಘದಲ್ಲಿ ಎಲ್ಲರ ಕಿವಿಗೂ ಹಾಕಿದಳು.

ಈಗ ಅವಿನೊಳ ಕೈ ಊದಿತ್ತು.

ಅಂದು ರಾತ್ರಿ ಊಟಕ್ಕೆ ಕೂತಾಗ ಒದೇರಾನ ಉಗುರುಗಳಲ್ಲಿ ಸಿಮೆಂಟು ಇನ್ನೂ ಇತ್ತು. ಅವನು ಗಾರೆ ಕೆಲಸದವನು. ಮುದ್ದೆ ಮುರಿದು ಮೀನಿನ ಸಾರಿಗೆ ಅದ್ದುವಷ್ಟರಲ್ಲಿ ಅವನ ತಾಯಿ ಶುರು ಮಾಡಿದಳು.

“ಒಬಿಯೆರೊ ದೊಡ್ಡಪ್ಪಂಗೆ ಹೇಳಿ ಕಳ್ಸಿದೀನಿ. ಕುಲದೋರು ಬರ್ತಾರೆ. ಆ ಉಯೋಮಾದವಳು ಈ ಬೇಲಿ ದಾಟಿ ಹೋಗ್ಬೇಕು. ಪೇಟೇಲಿ ಮಗ ಬಾಡಿಗೆ ರೂಮು ಮಾಡಿದಾನಲ್ಲ, ಅಲ್ಲಿರ್ಲಿ.”

“ಅಮ್ಮಾ, ಊಟದ ಹೊತ್ತಲ್ಲಿ…”

“ಊಟದ ಹೊತ್ತಲ್ಲೇ ಮಕ್ಳು ಸಾಯೋದು. ನಿಮ್ಮಣ್ಣ ಒಮೊಲೊ ನನ್ನ ಎದುರು ಅನ್ನದ ತಟ್ಟೆ ಇಟ್ಕೊಂಡೇ ಹೋದ.”

ಒದೇರಾ ತಲೆ ತಗ್ಗಿಸಿ ಮುದ್ದೆ ಅದ್ದಿದ. ರಿಸ್ಪಾ ಸುಮ್ಮನಾಗಲಿಲ್ಲ.

“ಅತ್ತೆ, ನಾನು ಬೆಳಿಗ್ಗೆ ದಡಕ್ಕೆ ಹೋಗ್ಬೇಕು. ಮೀನು ಒಣ್ಗಿಸ್ಬೇಕು, ಮಾರ್ಬೇಕು. ನಿಮ್ಮ ಮಂಡೀಲಿ ನೀವು ಮಗು ಎತ್ಕೊಂಡು ಎದ್ದು ನಿಲ್ಲೋಕಾಗಲ್ಲ. ಚಿಕ್ಕತ್ತೆನೂ ಬೇಡ ಅಂದ್ರೆ ಮಗು ಯಾರು ನೋಡ್ತಾರೆ, ಕೋಳೀನಾ?”

“ಮೀನು ಬಿಡು. ಮಗು ಮೊದಲಾ, ಮೀನು ಮೊದಲಾ?”

“ಮಗೂಗೆ ಹಾಕೋ ಹಾಲು ಮೀನಿಂದ ಬರ್ತಿದೆ.”

“ಕೇಳಿದ್ಯೇನೋ? ನಿನ್ನ ಹೆಂಡ್ತಿ ಬಾಯಿ ನೋಡು!”

“ಕೇಳ್ತಿದೀನಿ,” ಎಂದ ಒದೇರಾ, ಸಾರಿನ ಬಟ್ಟಲು ನೋಡುತ್ತ. “ಇಡೀ ಊರಿಗೇ ಕೇಳ್ತಿದೆ.”

ಹಿಂದೊಮ್ಮೆ ಮಗು ಬಿಳಿಚಿಕೊಂಡಿದ್ದಾಗ ರಿಸ್ಪಾ ಅದನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ದಿದ್ದಳು. ಅಲ್ಲಿ ಸಣ್ಣ ಸೀಸೆಯಲ್ಲಿ ಒಂದಿಷ್ಟು ರಕ್ತ ತೆಗೆದು, ಇದು ದೊಡ್ಡ ಊರಿನ ಯಂತ್ರಕ್ಕೆ ಹೋಗಬೇಕು, ವಾರಗಳಾಗುತ್ತವೆ ಎಂದಿದ್ದರು. ಎರಡು ಸಲ ಹೋಗಿ ಕೇಳಿದಳು. ರಕ್ತ ದಾರಿಯಲ್ಲೇ ಕೆಟ್ಟಿತಂತೆ. ಮತ್ತೆ ತೆಗೆಸಲು ಹೋಗಿಬರುವ ಖರ್ಚು, ಒಂದು ದಿನದ ವ್ಯಾಪಾರ, ಅತ್ತೆಯ ಬಾಯಿ ಎಲ್ಲ ನೆನೆದು ಕೈಬಿಟ್ಟಿದ್ದಳು.

ಆದರೆ ಆ ವಾರ ದಡದಲ್ಲಿ ಮೀನು ಕೊಳ್ಳುವಾಗ ಜೊತೆಯ ಹೆಂಗಸೊಬ್ಬಳು ಹೇಳಿದಳು. “ಆ ರಕ್ತಪರೀಕ್ಷೆ ನಮ್ಮ ದವಾಖಾನೆಗೇ ಬಂದಿದೆ ಕಣೆ. ಮಲೇರಿಯಾಕ್ಕೆ ನೋಡ್ತಾರಲ್ಲ, ಅಂಥದ್ದೇ ಪಟ್ಟಿ. ಬೆರಳು ಚುಚ್ತಾರೆ, ಒಂದು ಹನಿ ಹಾಕ್ತಾರೆ. ನೀನು ಒಂದು ಲೋಟ ಚಹ ಕುಡಿಯೋದ್ರಲ್ಲಿ ಹೇಳ್ಬಿಡ್ತಾರೆ.”

“ಎಷ್ಟು ತಗೋತಾರೆ?”

“ಮಕ್ಳಿಗೆ ಏನೂ ಇಲ್ಲ.”

ರಿಸ್ಪಾ ಬುಟ್ಟಿಯನ್ನು ಅವಳ ಹತ್ತಿರ ಬಿಟ್ಟು ಮನೆಗೆ ನಡೆದಳು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಾಗ ಬೇಲಿಯ ಬಳಿ ಅಜ್ವಾಂಗ್ ನಿಂತಿದ್ದಳು.

“ದವಾಖಾನೆಗಾ?”

“ಹೂಂ ಚಿಕ್ಕತ್ತೆ.”

“ನಾನೂ ಬರ್ಲಾ ಅಂತಿದ್ದೆ. ಬೇಡ. ನಾನು ಬಂದು, ಏನಾದ್ರೂ ಕೆಟ್ಟದ್ದು ಹೇಳಿದ್ರೆ, ನನ್ನ ತಲೆಗೇ ಬರುತ್ತೆ. ಬಿಸಿಲಿದೆ, ತಲೆ ಮೇಲೆ ಬಟ್ಟೆ ಹಾಕು ಮಗೂಗೆ.”

ದವಾಖಾನೆಯ ನರ್ಸ್ ವಿಲ್ಕಿಸ್ಟಾಳದು ಮಾತು ಕಡಿಮೆ, ಕೈ ಚುರುಕು. ಅವಿನೊಳ ಊದಿದ ಕೈ ನೋಡಿ, ರೆಪ್ಪೆ ಕೆಳಗೆಳೆದು ಕಣ್ಣು ನೋಡಿ, “ಮೊದಲೇ ಬರ್ಬೇಕಿತ್ತು,” ಎಂದಳು.

“ಮೊದಲೇ ಬಂದಿದ್ರೆ ನಿಮ್ಮ ಹತ್ರ ಏನಿತ್ತು?” ಎಂದಳು ರಿಸ್ಪಾ.

ವಿಲ್ಕಿಸ್ಟಾ ಒಂದು ಗಳಿಗೆ ಅವಳನ್ನು ನೋಡಿ ನಕ್ಕಳು. “ಅದೂ ಸರಿ. ಏನೂ ಇರ್ಲಿಲ್ಲ.”

ಹಿಮ್ಮಡಿಗೆ ಒಂದು ಚುಚ್ಚು. ಒಂದು ಹನಿ. ಅದನ್ನು ಸಣ್ಣ ಸೀಸೆಯ ನೀರಿನಲ್ಲಿ ಕಲಕಿ, ಬೆರಳಗಲದ ಬಿಳಿ ಪಟ್ಟಿಯ ಮೇಲೆ ಹಾಕಿದಳು. ಕರೆಂಟು ಬೆಳಗಿಂದ ಇರಲಿಲ್ಲ. ಕಿಟಕಿಯ ಬೆಳಕೇ ಸಾಕಾಯಿತು. ಕೆಂಪು ನೀರು ಪಟ್ಟಿಯ ಮೇಲೆ ನಿಧಾನ ಹರಿಯಿತು. ಅವಿನೊ ಅಳು ನಿಲ್ಲಿಸಿ ಮೊಲೆ ಕಚ್ಚುವಷ್ಟರಲ್ಲಿ ಗೆರೆಗಳು ಎದ್ದಿದ್ದವು.

“ತುದೀಲಿರೋ ಈ ಗೆರೆ ಪಟ್ಟಿ ಸರಿ ಇದೆ ಅಂತ ಹೇಳೋಕೆ, ಅದನ್ನ ಲೆಕ್ಕಕ್ಕೆ ತಗೋಬೇಡ. ಇಲ್ಲಿ ಒಳ್ಳೆ ರಕ್ತದ ಗೆರೆ ಬರ್ಬೇಕಿತ್ತು, ಬಂದಿಲ್ಲ. ಬಂದಿರೋದು ಕೆಳಗಿಂದು, ಸಿಕಲ್ ಸೆಲ್ ಗೆರೆ. ರಕ್ತದ ಕಣ ದುಂಡಗಿದ್ರೆ ಸಲೀಸಾಗಿ ಓಡುತ್ತೆ. ಇವಳದ್ದು ಕುಡುಗೋಲಿನ ಹಾಗೆ ಬಾಗಿ ಅಲ್ಲಲ್ಲೇ ಸಿಕ್ಕೊಳುತ್ತೆ. ಅದಕ್ಕೇ ಊತ, ಅದಕ್ಕೇ ನೋವು.”

ರಿಸ್ಪಾ ಮಗುವಿನ ತಲೆಯ ಮೇಲೆ ಕೈಯಿಟ್ಟು ಕೂತಳು. “ಸಾಯ್ತಾಳಾ?”

“ಗೊತ್ತಿಲ್ದೆ ಇದ್ದಿದ್ರೆ ಸಾಯ್ಬಹುದಿತ್ತು. ಈಗ ಗೊತ್ತಾಯ್ತಲ್ಲ. ದಿನಾ ಎರಡು ಹೊತ್ತು ಮಾತ್ರೆ ಪುಡಿ ಮಾಡಿ ಕುಡಿಸ್ಬೇಕು. ನೀರು ಜಾಸ್ತಿ ಕೊಡ್ಬೇಕು. ಸೊಳ್ಳೆಪರದೆ ಬಿಡೋ ಹಾಗಿಲ್ಲ. ಮೈ ಬಿಸಿಯಾಯ್ತು ಅಂದ್ರೆ ನಾಳೆ ನೋಡೋಣ ಅನ್ನೋ ಹಾಗಿಲ್ಲ, ಆವತ್ತೇ ಆಸ್ಪತ್ರೆ. ಇಷ್ಟು ಮಾಡು, ಇವಳು ಸ್ಕೂಲಿಗೆ ಹೋಗ್ತಾಳೆ, ನಿನ್ನ ಜೊತೆ ಜಗಳಾನೂ ಆಡ್ತಾಳೆ. ಅಪ್ಪ ಅಮ್ಮ ಇಬ್ರಿಂದಲೂ ಸೇರಿ ಬರೋದಿದು. ಗಂಡನ್ನ ಕಳ್ಸು. ದೊಡ್ಡ ಮಗು ಇದ್ರೆ ಅದನ್ನೂ.”

ಮನೆಗೆ ಬರುವಾಗ ರಿಸ್ಪಾ ದಾರಿಯುದ್ದಕ್ಕೂ ಆ ಹೆಸರನ್ನು ಬಾಯಲ್ಲಿ ಹೇಳಿಕೊಂಡಳು. ಹೆದರಿಕೆ ಇತ್ತು. ಆದರೆ ಹೆಸರಿರುವ ಶತ್ರುವಿನ ಎದುರು ಏನಾದರೂ ಮಾಡಬಹುದು ಎನ್ನಿಸಿತು.

ದೊರ್ಸಿಲಾಗೆ ಹಾಗನ್ನಿಸಲಿಲ್ಲ.

“ರಕ್ತದ ರೋಗ? ಹಾಗಾದ್ರೆ ನಿನ್ನ ತವರಿಂದ ತಂದಿದೀಯ. ನಮ್ಮ ವಂಶದಲ್ಲಿ ಇಲ್ಲ ಅದು.”

“ಇಬ್ರಿಂದಲೂ ಬರ್ಬೇಕಂತೆ ಅತ್ತೆ. ಒಬ್ರಿಂದ ಆಗಲ್ವಂತೆ.”

“ಯಾರೋ ನಿನ್ನೆ ಹುಟ್ಟಿದ ನರ್ಸು ನನ್ನ ವಂಶದ ಕತೆ ಹೇಳ್ತಾಳಾ?”

ಒದೇರಾ ಮರುದಿನ ಹೋಗುವುದಿಲ್ಲ ಎಂದ. ಅದರ ಮರುದಿನ ಕೆಲಸವಿದೆ ಎಂದ. ಮೂರನೆಯ ಸಲ ರಿಸ್ಪಾ ಅವನ ಗಾರೆ ಕರಣೆಯನ್ನು ಎತ್ತಿ ಮೀನಿನ ಬುಟ್ಟಿಯಲ್ಲಿ ಬಚ್ಚಿಟ್ಟಳು.

“ಹೆದರಿಕೆನಾ?” ಎಂದಳು.

“ನನ್ನಲ್ಲಿದ್ರೆ ಏನೇ ಮಾಡೋದು?”

“ನನ್ನಲ್ಲಿ ಇದೆ. ನಿನ್ನೆ ನೋಡಿಸ್ಕೊಂಡೆ, ಎರಡು ಗೆರೆ. ನಂಗೇನಾಗಿದೆ? ನಿಂತಿದೀನಿ, ಬೈತಿದೀನಿ. ನಡಿ.”

ಒದೇರಾನದ್ದೂ ಎರಡು ಗೆರೆ: ಒಂದು ಒಳ್ಳೆಯದು, ಒಂದು ಬಾಗಿದ್ದು. ಐದು ವರ್ಷದ ಹಿರಿ ಮಗನದ್ದು ಒಂದೇ, ಒಳ್ಳೆಯದು. ಒದೇರಾ ದವಾಖಾನೆಯಿಂದ ಬಂದವನು ತನ್ನ ಕೈಯಾರೆ ಎರಡು ಚಮಚದ ನಡುವೆ ಮಾತ್ರೆ ಒತ್ತಿ ಪುಡಿ ಮಾಡಿ ಮಗುವಿಗೆ ಕುಡಿಸಿದ. ಅಂದಿನಿಂದ ಬೆಳಗಿನ ಮಾತ್ರೆ ಅವನ ಕೆಲಸವಾಯಿತು.

ಆದರೆ ತಾಯಿಯೆದುರು ಅವನ ಬಾಯಿ ಏಳುತ್ತಿರಲಿಲ್ಲ. ಕುಲದವರ ದಿನ ಬಂದೇಬಿಟ್ಟಿತು.

ಒಬಿಯೆರೊ ದೊಡ್ಡಪ್ಪ ಮತ್ತಿಬ್ಬರು ಹಿರಿಯರು ಮಾವಿನ ಮರದ ಕೆಳಗೆ ಸ್ಟೂಲು ಹಾಕಿಸಿಕೊಂಡು ಕೂತರು. ದೊರ್ಸಿಲಾ ಒಳ್ಳೆಯ ಬಟ್ಟೆ ಉಟ್ಟಿದ್ದಳು. ಅಜ್ವಾಂಗ್ ಹೊಲದ ಬಟ್ಟೆಯಲ್ಲೇ ಬಂದು ನೆಲದ ಮೇಲೆ ಕಾಲು ಚಾಚಿ ಕೂತಳು. ರಿಸ್ಪಾ ಬೆಳಿಗ್ಗೆಯೇ ದವಾಖಾನೆಗೆ ಓಡಿಹೋಗಿ ಬಂದಿದ್ದಳು.

“ಮಕ್ಳಿಗೇ ಸಾಲಲ್ಲ ನನ್ನ ಪಟ್ಟಿ,” ಎಂದಿದ್ದಳು ವಿಲ್ಕಿಸ್ಟಾ. “ಮುದುಕೀರ ಜಗಳಕ್ಕೆ ಕೊಡ್ಲಾ?”

“ಆ ಜಗಳದಲ್ಲಿ ನನ್ನ ಮಗು ಹೋಗುತ್ತೆ ಅಕ್ಕ. ಚಿಕ್ಕತ್ತೆನ ಓಡಿಸಿದ್ರೆ ನಾನು ದಡಕ್ಕೆ ಹೋದಾಗ ಮಗು ಮೈ ಬಿಸಿ ಯಾರು ಮುಟ್ಟಿ ನೋಡ್ತಾರೆ? ನಮ್ಮತ್ತೆ ಜ್ವರಕ್ಕೆ ಮಂತ್ರದೋನ್ನ ಕರೆಸ್ತಾರೆ. ಎರಡೇ ಎರಡು ಪಟ್ಟಿ. ನೀವು ಹೇಗೂ ನಮ್ಮ ಕಡೆ ಮಕ್ಳನ್ನ ನೋಡೋಕೆ ಬರ್ತೀರಲ್ಲ.”

ದೊರ್ಸಿಲಾ ತನ್ನ ದೂರು ಹೇಳಿ ಮುಗಿಸುವ ಹೊತ್ತಿಗೆ ವಿಲ್ಕಿಸ್ಟಾಳ ಬೈಕು ಬೇಲಿಯ ಹತ್ತಿರ ನಿಂತಿತು. ಒಬಿಯೆರೊ ಹುಬ್ಬು ಏರಿಸಿದ.

“ಇದು ಕುಲದ ಮಾತು. ದವಾಖಾನೆಗೆ ಇಲ್ಲಿ ಏನು ಕೆಲಸ?”

ಒದೇರಾ ಎದ್ದು ನಿಂತ. ರಿಸ್ಪಾ ಅವನು ಸುಮ್ಮನಿರುತ್ತಾನೆಂದೇ ಅಂದುಕೊಂಡಿದ್ದಳು.

“ದೊಡ್ಡಪ್ಪ, ನನ್ನ ಮಗಳಿಗಿರೋದು ರಕ್ತದ ರೋಗ. ನನ್ನಲ್ಲೂ ಅದರ ಗೆರೆ ಇದೆ, ಇವಳಲ್ಲೂ ಇದೆ. ಚಿಕ್ಕಮ್ಮ ಮಾಟ ಮಾಡಿ ನನ್ನ ರಕ್ತದೊಳಗೆ ಗೆರೆ ಎಳೆಯೋಕಾಗುತ್ತಾ?”

“ಆಗುತ್ತೆ!” ಎಂದಳು ದೊರ್ಸಿಲಾ. “ಅವಳೇ ಹಾಕಿದ್ದು. ಅವಳ ರಕ್ತದಲ್ಲೇ ಇರೋದು ಆ ವಿಷ. ನನ್ನ ಮನೇಲಿ ಹರಡಿದಾಳೆ.”

“ಹಾಗಾದ್ರೆ ನೋಡೇಬಿಡೋಣ,” ಎಂದಳು ರಿಸ್ಪಾ. “ಚಿಕ್ಕತ್ತೇದೂ ನೋಡ್ಲಿ, ನಿಮ್ಮದೂ ನೋಡ್ಲಿ.”

“ನಂದ್ಯಾಕೆ?”

“ನಿಮ್ಮದು ಶುದ್ಧ ಅಂತ ಇಡೀ ಕುಲದ ಎದುರು ಗೊತ್ತಾಗ್ಲಿ ಅಂತ.”

ದೊರ್ಸಿಲಾ ಸೊಸೆಯನ್ನು ದುರುಗುಟ್ಟಿ ನೋಡಿದಳು. ಹಿರಿಯರು ನೋಡುತ್ತಿದ್ದರು. ಬೇಲಿಯಾಚೆ ನೆರೆಯವರ ತಲೆಗಳು ಎದ್ದಿದ್ದವು. ಅವಳು ಕೈ ಮುಂದೆ ಚಾಚಿದಳು. “ಚುಚ್ಚು. ಬೇಕಾದ್ರೆ ಐದೂ ಬೆರಳು ಚುಚ್ಚು.”

ಅಜ್ವಾಂಗ್ ಕೈಯ ಮಣ್ಣು ಒರೆಸಿ ಕೊಟ್ಟಳು.

ಎರಡು ಪಟ್ಟಿಗಳು ಸ್ಟೂಲಿನ ಮೇಲೆ ಅಕ್ಕಪಕ್ಕ ಮಲಗಿದವು. ಯಾವುದು ಯಾರದ್ದೆಂದು ತಿಳಿಯಲು ವಿಲ್ಕಿಸ್ಟಾ ಒಂದರ ಮೇಲೆ ಅಡ್ಡ ಗೀಟು ಎಳೆದು, “ಇದು ದೊಡ್ಡಮ್ಮಂದು. ತುದೀಲಿರೋ ಗೆರೆ ಎರಡ್ರಲ್ಲೂ ಬರುತ್ತೆ, ಅದು ಲೆಕ್ಕಕ್ಕಿಲ್ಲ” ಎಂದು ಎಲ್ಲರಿಗೂ ತೋರಿಸಿದಳು. ಒಬಿಯೆರೊ ಕುಲದ ಹಿರಿಯನೆನ್ನುವುದನ್ನು ಮರೆತು ಮುಂದೆ ಬಗ್ಗಿ ನೋಡತೊಡಗಿದ. ಅವನೇ ಮೊದಲು ಹೇಳಿದ್ದು.

“ಗೀಟಿರೋದ್ರಲ್ಲಿ ಎರಡು ಗೆರೆ ಬಂತಲ್ಲಮ್ಮ.”

“ಸರಿಯಾಗಿ ನೋಡು,” ಎಂದಳು ದೊರ್ಸಿಲಾ.

“ಎರಡೇ. ಇದ್ರಲ್ಲಿ ಒಂದು.”

ವಿಲ್ಕಿಸ್ಟಾ ಪಟ್ಟಿ ಎತ್ತಿ ಬೆಳಕಿಗೆ ಹಿಡಿದಳು. “ಹೌದು. ಅಜ್ವಾಂಗಮ್ಮಂದು ಪೂರಾ ಒಳ್ಳೆ ರಕ್ತ, ಅದಕ್ಕೇ ಅವರ ಮಕ್ಳಿಗೆ ಈ ರೋಗ ಬರ್ಲಿಲ್ಲ. ದೊಡ್ಡಮ್ಮ, ನಿಮ್ಮಲ್ಲಿ ಬಾಗಿದ್ದು ಒಂದು ಪಾಲು ಇದೆ. ನಿಮಗೇನೂ ತೊಂದರೆ ಇಲ್ಲ ಅದ್ರಿಂದ. ಆದ್ರೆ ಯಜಮಾನ್ರಲ್ಲೂ ಒಂದು ಪಾಲು ಇದ್ದಿದ್ರೆ…” ಎಂದವಳು ತಡೆದು, ದನಿ ತಗ್ಗಿಸಿ ಕೇಳಿದಳು. “ಹೋದ ಮಕ್ಕಳಿಗೆ ಕೈಕಾಲು ಊದ್ತಿತ್ತಾ ಅಮ್ಮ? ಕಣ್ಣು ಹಳದಿ?”

ಉತ್ತರ ಕೊಟ್ಟದ್ದು ಅಜ್ವಾಂಗ್.

“ಊದ್ತಿತ್ತು. ಒಮೊಲೊಗೆ ಕಾಲು. ಅಲೋಗೆ ಕೈ. ಸಣ್ಣವನಿಗೆ ಎರಡೂ. ಇವಳು ನಿದ್ದೆಗೆಟ್ಟು ಬಿಸಿನೀರು ಕಾಯ್ಸಿ ಬಟ್ಟೆ ಅದ್ದಿ ಇಡ್ತಿದ್ಲು. ನಾನು ನನ್ನ ಮನೆ ಕಿಟಕೀಲಿ ನೋಡ್ತಿದ್ದೆ. ಹತ್ರ ಬರೋ ಹಾಗಿರ್ಲಿಲ್ಲ.”

ದೊರ್ಸಿಲಾ ನಿಧಾನ ಎದ್ದಳು. ಮಂಡಿಗೆ ಕೈಯೂರಿ, ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಬಿಯೆರೊ ಕೆಮ್ಮಿದ. “ಚಹ ಆಗಿದ್ರೆ ಕೊಡಮ್ಮ, ಹೊರಡ್ತೀವಿ,” ಎಂದ.

ಆಮೇಲಿನ ದಿನಗಳಲ್ಲಿ ಮನೆ ಬಹಳ ತಣ್ಣಗಿತ್ತು. ದೊರ್ಸಿಲಾ ಕೋಳಿಗಳ ಜೊತೆಗೂ ಮಾತಾಡುತ್ತಿರಲಿಲ್ಲ. ರಿಸ್ಪಾ ತಟ್ಟೆ ಇಟ್ಟರೆ ಅರ್ಧ ಉಣ್ಣುವಳು, ತೆಗೆದರೆ ಸುಮ್ಮನಿರುವಳು. ಅವಿನೊಳನ್ನು ಅಜ್ವಾಂಗ್‌ಳ ಅಡುಗೆಮನೆಯಲ್ಲಿ ಬಿಟ್ಟು ದಡಕ್ಕೆ ಹೋದರೆ ನೋಡಿಯೂ ನೋಡದಂತೆ ಇರುತ್ತಿದ್ದಳು. ಅಜ್ವಾಂಗ್ ಗೆದ್ದವಳಂತೆ ಒಂದು ದಿನವೂ ನಡೆದುಕೊಳ್ಳಲಿಲ್ಲ. ಹೊಲ, ಆಡು, ಮಗು ಎಂದು ತನ್ನ ಪಾಡಿಗೆ ಇದ್ದಳು.

“ಅವರಿಗೆ ಏನಾದ್ರೂ ಹೇಳಿ ಚಿಕ್ಕತ್ತೆ,” ಎಂದಳು ರಿಸ್ಪಾ ಒಂದು ಸಂಜೆ, ಅವರೆ ಬಿಡಿಸುತ್ತ.

“ನಾನ್ಯಾಕೆ ಹೇಳ್ಲಿ? ಮೂವತ್ತು ವರ್ಷ ಅವಳು ಹೇಳಿದ್ದಾಯ್ತು. ಈಗ ಅವಳ ಸರದೀನೇ.”

ಬಿತ್ತನೆಯ ಮಳೆ ಶುರುವಾದ ಮೇಲೆ ಒಂದು ಮಧ್ಯಾಹ್ನ ದೊರ್ಸಿಲಾ ಅಂಗಳ ದಾಟಿದಳು. ರಿಸ್ಪಾ ಮೀನು ಒಣಹಾಕುತ್ತಿದ್ದವಳು ಕೈ ನಿಲ್ಲಿಸಿದಳು. ಅತ್ತೆ ಅಜ್ವಾಂಗ್‌ಳ ಬಾಗಿಲಲ್ಲಿ ನಿಂತಳು, ಹೊಸಿಲು ತುಳಿಯಲಿಲ್ಲ.

“ನಾನು ತಪ್ಪು ತಿಳ್ಕೊಂಡಿದ್ದೆ,” ಎಂದಳು.

ಅಜ್ವಾಂಗ್ ಒಲೆಯ ಮುಂದಿಂದ ಏಳಲಿಲ್ಲ. “ಅಷ್ಟೇನಾ?”

“ಇನ್ನೇನು ಬೇಕು ನಿಂಗೆ? ಕಾಲು ಹಿಡೀಲಾ?”

“ಕಾಲು ಇಟ್ಕೊಂಡು ನಾನೇನು ಮಾಡ್ಲಿ? ನನ್ನ ಮಗಳು ಪೆನಿನಾ ಮದುವೆ ಗೊತ್ತಾಗಿತ್ತು, ನೆನಪಿದ್ಯಾ? ಹುಡುಗನ ತಾಯಿ ಬಂದು ಮಾಟಗಾತಿ ಮಗಳು ಬೇಡ ಅಂದ್ಲು. ನನ್ನ ಮಗಳು ಅವತ್ತೇ ಬಸ್ಸು ಹತ್ತಿ ಮೊಂಬಾಸಾಕ್ಕೆ ಹೋದೋಳು, ಅಪ್ಪನ ಮಣ್ಣಿಗೆ ಒಂದು ದಿನ ಬಂದು ಹೋಗಿದ್ದು ಅಷ್ಟೇ. ನನ್ನ ಬಾಗಿಲಲ್ಲಿ ನಿಂತು ಪಿಸುಗುಟ್ಟಬೇಡ ದೊರ್ಸಿಲಾ. ಎಲ್ಲೆಲ್ಲಿ ಹೇಳಿದ್ಯೋ ಅಲ್ಲೆಲ್ಲ ಹೋಗಿ ಹೇಳು. ಅಷ್ಟೇ ಜೋರಾಗಿ ಹೇಳು.”

“ನನ್ನ ಮೂರು ಮಕ್ಳು ಸತ್ತಿದ್ರು ಕಣೇ!” ದೊರ್ಸಿಲಾಳ ದನಿ ಒಡೆಯಿತು. “ಯಾರನ್ನಾದ್ರೂ ಬೈಲೇಬೇಕಿತ್ತು ನಾನು.”

“ಗೊತ್ತು. ನಾನೂ ಅತ್ತಿದ್ದೆ ಅವಕ್ಕೆ. ಅಲೋ ನನ್ನ ಬೆನ್ನ ಮೇಲೆ ನಿದ್ದೆ ಮಾಡ್ತಿದ್ಲು, ನೀನು ಕಿತ್ಕೊಳೋ ತನಕ.”

ದೊರ್ಸಿಲಾ ತಿರುಗಿ ತನ್ನ ಮನೆಗೆ ಹೋದಳು.

ಭಾನುವಾರ ಹೆಂಗಸರ ಸಂಘದಲ್ಲಿ ರಿಸ್ಪಾ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಕಾಣಿಕೆ ಎತ್ತಿ ಮುಗಿಯುತ್ತಲೇ ದೊರ್ಸಿಲಾ ಎದ್ದು ನಿಂತಳು. ಮೆಲ್ಲಗೆ ಮಾತಾಡಲು ಅವಳಿಗೆ ಬಾರದು.

“ನಾನು ಮೂರು ಮಕ್ಳನ್ನ ಮಣ್ಣು ಮಾಡಿದೆ. ಅಜ್ವಾಂಗ್ ಕೊಂದ್ಲು ಅಂತ ಇದೇ ಬೆಂಚಲ್ಲಿ ಕೂತು ಹೇಳಿದೆ. ನೀವೆಲ್ಲ ಹೂಂ ಹೂಂ ಅಂತ ತಲೆ ಆಡಿಸಿದ್ರಿ. ಅದು ಸುಳ್ಳು. ನನ್ನ ರಕ್ತ, ನನ್ನ ಗಂಡನ ರಕ್ತ ಕೂಡಿ ಆದದ್ದು. ಈಗ್ಲೂ ತಲೆ ಆಡಿಸಿ, ನೋಡೋಣ!”

ಒಂದಿಬ್ಬರು ಆಡಿಸಿದರು. ದೊರ್ಸಿಲಾಗೆ ಸಾಲಲಿಲ್ಲ.

“ಮಾರಿಸ್ಟೆಲ್ಲಾ, ನೆಲ ನೋಡ್ಬೇಡ. ಪೆನಿನಾನ ಬೇಡ ಅಂದದ್ದು ನನ್ನ ಮಾತು ಕೇಳಿ. ನನ್ನ ಮಾತು ಹುಳುಕಾಗಿತ್ತು. ನಿನ್ನ ಮನೇಲಿ ಈಗ ಮೊಮ್ಮಕ್ಳಿವೆ, ನಾಳೆನೇ ಕರ್ಕೊಂಡು ಹೋಗಿ ಬೆರಳು ಚುಚ್ಚಿಸು. ನೀವೂ ಅಷ್ಟೇ, ಎಲ್ರೂ. ನಾನು ಮೂವತ್ತು ವರ್ಷ ತಪ್ಪು ಮನೆ ಬಾಗಿಲಿಗೆ ಕಲ್ಲು ಹೊಡ್ದೆ. ನೀವು ಹೊಡೀಬೇಡಿ.”

ಆ ವಾರ ದವಾಖಾನೆಯಲ್ಲಿ ಪಟ್ಟಿಗಳು ಮುಗಿದು ವಿಲ್ಕಿಸ್ಟಾ ಮತ್ತೊಂದು ಪೆಟ್ಟಿಗೆ ತರಿಸಿದಳು. ರಿಸ್ಪಾ ನಡೆದದ್ದನ್ನೆಲ್ಲ ಅಜ್ವಾಂಗ್‌ಗೆ ಬಂದು ಹೇಳಿದಾಗ ಅವಳು ಒಲೆ ಊದುತ್ತಲೇ ಕೇಳಿಸಿಕೊಂಡಳು.

“ಜೋರಾಗೇ ಹೇಳಿದ್ಲಾ?”

“ಪಾದ್ರಿ ಮನೆ ನಾಯಿ ಬೊಗಳೋಕೆ ಶುರು ಮಾಡ್ತು ಚಿಕ್ಕತ್ತೆ.”

“ಹಾಗಾದ್ರೆ ಸರಿ,” ಎಂದಳು ಅಜ್ವಾಂಗ್.

ಎಲ್ಲವೂ ಸರಿಹೋಗಲಿಲ್ಲ. ಒದೇರಾ ಪೆನಿನಾಗೆ ಫೋನು ಹಚ್ಚಿ ತಾಯಿಯ ಕೈಗೆ ಕೊಟ್ಟ. ಪೆನಿನಾ ಪೂರಾ ಕೇಳಿಸಿಕೊಂಡು, ಏನೂ ಹೇಳದೆ ಇಟ್ಟಳು. ದೊರ್ಸಿಲಾ ಫೋನನ್ನು ಸ್ವಲ್ಪ ಹೊತ್ತು ಕಿವಿಗೆ ಹಿಡಿದುಕೊಂಡೇ ಇದ್ದಳು.

ಸವತಿಯರ ನಡುವೆ ಮಾತು ಬಂತು, ಅದೂ ಎರಡೆರಡೇ. “ಆಡು ಬಿಚ್ಕೊಂಡಿದೆ.” “ನೋಡ್ದೆ.” ಅಷ್ಟಕ್ಕೇ ರಿಸ್ಪಾಗೆ ಮನೆ ತುಂಬಿದ ಹಾಗಾಗುತ್ತಿತ್ತು.

ಮೊದಲ ಕಳೆ ತೆಗೆಯುವ ಹೊತ್ತಿಗೆ ಒಂದು ದಿನ ರಿಸ್ಪಾ ಪೇಟೆಯ ಸಂತೆಯಲ್ಲಿ ಕೂತು ಒಣಮೀನು ಅಳೆಯುತ್ತಿದ್ದಳು. ಅವಳ ಫೋನು ಪಕ್ಕದ ಅಂಗಡಿಯಲ್ಲಿ ಚಾರ್ಜಿಗೆ ಇತ್ತು. ಟೊಮೆಟೊ ಮಾರುವವಳು ಓಡಿಬಂದಳು.

“ರಿಸ್ಪಾ, ನಿಮ್ಮತ್ತೇರು ಇಬ್ರೂ ಒಂದೇ ಬೈಕಲ್ಲಿ ಹೋದ್ರು ಕಣೆ!”

“ಬಿಸಿಲು ತಲೆಗೇರಿದೆ ನಿಂಗೆ.”

“ನನ್ನಾಣೆ. ಅಜ್ವಾಂಗಮ್ಮನ ಮಗ ಓಡಿಸ್ತಿದ್ದ. ಅವನ ಹಿಂದೆ ದೊರ್ಸಿಲಾ, ಅವಳ ಹಿಂದೆ ಅಜ್ವಾಂಗ್. ಇಬ್ರ ನಡುವೆ ಏನೋ ಬಟ್ಟೆ ಗಂಟು.”

ಗಂಟು ಎಂದ ಕೂಡಲೇ ರಿಸ್ಪಾ ಅಳತೆಯ ಡಬ್ಬ ಬಿಟ್ಟು ಎದ್ದಳು. ಆಸ್ಪತ್ರೆ ಸಂತೆಯಿಂದ ದೂರವಿರಲಿಲ್ಲ. ಓಡಿದಳು.

ಮಕ್ಕಳ ವಾರ್ಡಿನ ಹೊರಗಿಂದಲೇ ಅತ್ತೆಯ ದನಿ ಕೇಳಿತು. ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಸತ್ತ ಮಗುವಿನ ಮುಂದೆ ಯಾರೂ ಹಾಗೆ ಜಗಳವಾಡುವುದಿಲ್ಲ.

“ನಾನು ಹೇಳಿದ್ದು ಸರಿಯಾಗಿ ಹಿಡ್ಕೋ ಅಂತ. ನೀನು ಮಗು ಕತ್ತು ಬಗ್ಗಿಸಿದ್ದೆ.”

“ಬೈಕಲ್ಲಿ ನಿನ್ನ ಸೊಂಟಕ್ಕೇ ಅರ್ಧ ಜಾಗ ಹೋಯ್ತು. ಇನ್ನೆಲ್ಲಿ ಹಿಡ್ಕೊಳ್ಲಿ?”

ಅವಿನೊ ಮಂಚದ ಮೇಲೆ ಮಲಗಿದ್ದಳು. ಸಣ್ಣ ಕೈಗೆ ಪಟ್ಟಿ ಸುತ್ತಿ ಸೂಜಿ ಕೂರಿಸಿದ್ದರು. ಸೀಸೆಯಿಂದ ಹನಿ ಇಳಿಯುತ್ತಿತ್ತು.

“ಬೆಳಿಗ್ಗೆ ಮೈ ಮುಟ್ಟಿದ್ರೆ ಕೆಂಡ,” ಎಂದಳು ದೊರ್ಸಿಲಾ ಸೊಸೆಯನ್ನು ನೋಡಿ. “ನಿಂಗೆ ಫೋನು ಮಾಡ್ದೆ, ಬಡ್ಕೊಳಲೇ ಇಲ್ಲ. ಜ್ವರ ಬಂದ್ರೆ ನಿಲ್ಲೋ ಹಾಗಿಲ್ಲ ಅಂದಿದ್ಯಲ್ಲ. ಇವಳ ಬಾಗಿಲಿಗೆ ಹೋಗಿ ಕೂಗ್ದೆ. ಇವಳ ಮಗ ಮನೇಲಿದ್ದದ್ದು ಪುಣ್ಯ.”

ವಾರ್ಡಿನ ಡಾಕ್ಟರು ಬಂದು ಹೇಳಿದರು. ಸಿಕಲ್ ಸೆಲ್ ಎಂದು ಬಾಗಿಲಲ್ಲೇ ಈ ಅಮ್ಮಂದಿರಿಬ್ಬರೂ ಕೂಗಿ ಹೇಳಿದ್ದರಿಂದ ಹುಡುಕಾಟಕ್ಕೆ ಹೊತ್ತು ಹೋಗಲಿಲ್ಲ, ಔಷಧಿ ಕೂಡಲೇ ಹೋಗಿದೆ. ಎರಡು ಮೂರು ದಿನ ಇಲ್ಲೇ ಇರಲಿ. ಆದರೆ ಮಗುವಿನ ಜೊತೆ ತಾಯಿಯಲ್ಲದೆ ಒಬ್ಬರಿಗೆ ಮಾತ್ರ ಇರಲು ಅವಕಾಶ.

“ನಾನಿರ್ತೀನಿ,” ಎಂದಳು ದೊರ್ಸಿಲಾ.

“ಮಂಡಿ ಇಟ್ಕೊಂಡು ನೆಲದ ಮೇಲೆ ಮಲಗ್ತೀಯಾ?” ಎಂದಳು ಅಜ್ವಾಂಗ್.

“ಮಲಗಲ್ಲ. ಕೂತಿರ್ತೀನಿ. ಆ ಮೂವರ ಹತ್ರ ಕೂತಿದ್ದೆ, ಇವಳ ಹತ್ರಾನೂ ಕೂರ್ತೀನಿ. ಇವಳು ನನ್ನ ಎದುರೇ ಎದ್ದು ಆಡ್ಬೇಕು, ನಾನು ನೋಡ್ಬೇಕು.”

ದೊರ್ಸಿಲಾ ಸೊಂಟದ ಬಟ್ಟೆಯ ತುದಿಯ ಗಂಟು ಬಿಚ್ಚಿ ತನ್ನ ಮನೆಯ ಬೀಗದಕೈ ತೆಗೆದಳು. ಅದು ಅವಳ ಮೈಬಿಟ್ಟು ಬೇರೆಯವರ ಕೈಗೆ ಹೋದದ್ದನ್ನು ರಿಸ್ಪಾ ಕಂಡಿರಲಿಲ್ಲ. ಒದೇರಾ ಕೇಳಿದರೂ ಸಿಗುತ್ತಿರಲಿಲ್ಲ.

“ಕೋಳಿ ಒಳಗೆ ಹಾಕು. ಹಿಟ್ಟು ಮಂಚದ ಕೆಳಗಿನ ಡಬ್ಬದಲ್ಲಿದೆ. ಹುಡುಗಂಗೂ ಒದೇರಾಗೂ ಬೇಯಿಸಿ ಹಾಕು, ನೀನೂ ತಿನ್ನು.”

ಅಜ್ವಾಂಗ್ ಬೀಗದಕೈಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದಳು.

“ನಿನ್ನ ಹಿಟ್ಟಲ್ಲಿ ಹುಳ ಇರುತ್ತೆ. ನಂದೇ ಹಾಕ್ತೀನಿ,” ಎಂದಳು. ಬೀಗದಕೈಯನ್ನು ತನ್ನ ಬಟ್ಟೆಯ ತುದಿಗೆ ಬಿಗಿಯಾಗಿ ಗಂಟು ಹಾಕಿಕೊಂಡು, ಇನ್ನೊಮ್ಮೆ ಎಳೆದು ನೋಡಿ ಹೊರಟಳು.

“ಹುಳ ಅಂತೆ ಹುಳ,” ಎಂದಳು ದೊರ್ಸಿಲಾ, ಅವಳು ಹೋದ ಬಾಗಿಲನ್ನೇ ನೋಡುತ್ತ. “ಜರಡಿ ಹಿಡ್ದು ಇಟ್ಟಿದೀನಿ. ಅವಳೇ ನೋಡ್ಲಿ ಬೇಕಾದ್ರೆ.”

ರಿಸ್ಪಾ ಮಂಚದ ಅಂಚಿನಲ್ಲಿ ಕೂತು ಮಗುವಿನ ಹಣೆಯ ಮೇಲೆ ಕೈಯಿಟ್ಟಳು. ಕೂದಲ ಬುಡದಲ್ಲಿ ಸಣ್ಣಗೆ ಬೆವರು ಒಡೆದಿತ್ತು.